ಆರೋಪಿಯ ಹೆಸರು

“ಆರೋಪಿ ನಿಮಗೆ ಪರಿಚಯದವನೇ?”

“ಅಲ್ಲ,” ಎಂದಳು ಜ್ಯೋತಿಲಕ್ಷ್ಮಿ, ಇಂಗ್ಲಿಷಿನಲ್ಲಿ.

“ಬಂಧುವೇ?”

“ಅಲ್ಲ.”

ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂವರು ಸೇನಾಧಿಕಾರಿಗಳು ತಲೆಯಾಡಿಸಿದರು. ಅವರ ಎದುರು, ಇಬ್ಬರು ಬಂದೂಕುಧಾರಿಗಳ ನಡುವೆ, ಗಡ್ಡ ಬಿಟ್ಟ ಬಡಕಲು ಮನುಷ್ಯನೊಬ್ಬ ನಿಂತಿದ್ದ. ಯುದ್ಧ ನಡೆಯುತ್ತಿದ್ದ ಆ ದೇಶ ಎಲ್ಲಿದೆಯೆಂದು ಮಧುಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ಯಾರೂ ಹೇಳಲಾರರು. ಅಲ್ಲಿ ಸಾಯಲು ಮಾತ್ರ ನಮ್ಮ ಕಡೆಯವರೂ ಹೋಗಿದ್ದರು.

ಜ್ಯೋತಿಲಕ್ಷ್ಮಿಯದು ಒಂದು ಸಂಸ್ಥೆಯಲ್ಲಿ ದುಭಾಷಿಯ ಕೆಲಸ. ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಹೊರದೇಶದ ಆಸ್ಪತ್ರೆಗಳಲ್ಲಿ ಮಾತು ಬಾರದೆ ಒದ್ದಾಡುವ ಕನ್ನಡದವರ ಹೊಟ್ಟೆನೋವು, ಎದೆನೋವುಗಳನ್ನು ಡಾಕ್ಟರಿಗೆ ತಿಳಿಸುವುದು. ಸೇನಾ ನ್ಯಾಯಾಲಯ ಇದೇ ಮೊದಲು. ಸೆರಗಿನಿಂದ ಮತ್ತೆ ಮತ್ತೆ ಮುಖ ಒರೆಸಿಕೊಳ್ಳುತ್ತಿದ್ದಳು. ದುಭಾಷಿಯ ಮುಖ ಕಾಣಿಸಬಾರದೆಂಬ ನಿಯಮವಿದ್ದದ್ದು ಪುಣ್ಯ.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಅಶ್ವತ್ಥಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಹೆಡ್‌ಫೋನಿನೊಳಗಿನ ಮಾತು ಅವರಿಗೆ ಕೇಳಿಸದು. ಸೊಸೆಯ ಇಂಗ್ಲಿಷ್ ಕೇಳಿಸಿದರೂ ತಿಳಿಯದು. ಸ್ವಲ್ಪ ಮುಂಚೆಯಷ್ಟೇ ಎದುರುಮನೆಯ ರಕ್ಷಾ ಗಂಡನನ್ನು ಬೀದಿಗೆಲ್ಲ ಕೇಳುವಂತೆ ‘ಮೋಹನ್’ ಎಂದು ಕೂಗಿದ್ದಕ್ಕೆ ಮುಖ ಸಿಂಡರಿಸಿಕೊಂಡಿದ್ದರು. “ನಮ್ಮನೆ ಸೊಸೇನ ನೋಡಾದ್ರೂ ಕಲೀಬಾರ್ದಾ?” ಎಂದು ಗೊಣಗಿದ್ದೂ ಆಗಿತ್ತು.

“ಯಾರ್ಗವ್ವಾ ಉಸಾರಿಲ್ಲ?” ಎಂದು ಈಗ ಪಿಸುಗುಟ್ಟಿದರು.

“ಗೊತ್ತಿಲ್ಲ ಅತ್ತೆ. ನೀವು ಒಳಗೆ ಹೋಗಿ.”

ಅವರು ಹೋಗಲಿಲ್ಲ.

ಹಿರಿಯ ಅಧಿಕಾರಿ ಆರೋಪಿಯ ಹೆಸರು ಓದಲು ಹೋಗಿ ನಾಲಿಗೆ ತೊಡರಿಸಿಕೊಂಡ. “ಸರಿಯಾಗಿ ಹೇಗೆ ಹೇಳಬೇಕು, ದುಭಾಷಿ?”

ಅವಳು ತಡವರಿಸಿದಳು. “ಅವರೇ ಹೇಳಲಿ.”

“ರಂಗೇಶ,” ಎಂದ ಆರೋಪಿ, ಅವಳು ಕನ್ನಡದಲ್ಲಿ ಕೇಳುವ ಮೊದಲೇ. “ಗಂಗಹನುಮಯ್ಯನ ಮಗ.”

ಎರಡನೆಯ ಅಧಿಕಾರಿ ಹುಬ್ಬೇರಿಸಿದ. “ಇವನಿಗೆ ಇಂಗ್ಲಿಷ್ ತಿಳಿಯುತ್ತದೆ. ಮತ್ತೆ ಕನ್ನಡದ ದುಭಾಷಿಯೇ ಬೇಕು, ಇದೇ ಸಂಸ್ಥೆಯಿಂದಲೇ ಬೇಕು ಎಂದು ಹಟ ಹಿಡಿದದ್ದೇಕೆ?”

ಹಿರಿಯವನು ಕಡತದ ಹಾಳೆ ತಿರುಗಿಸಿದ. ಸೆರೆಯಲ್ಲಿದ್ದವನಿಗೆ ಮನೆಗೆ ಫೋನ್ ಮಾಡಲು ಬಿಟ್ಟಿರಲಿಲ್ಲ. ಕೇಳಿದ್ದರಲ್ಲಿ ಕೊಟ್ಟದ್ದು ಇದೊಂದನ್ನೇ.

ಆರೋಪ ಸರಳವಾಗಿತ್ತು. ಒಂದೇ ಕಂದಕ, ಒಂದೇ ಕಾವಲು. ಆ ದೇಶದ ಸೈನಿಕರಿಗೆ ಪೂರ್ತಿ ಸಂಬಳ. ಏಜೆಂಟರು ಕರೆತಂದ ಕರಿಯರಿಗೆ, ಕಂದು ಮೈಯವರಿಗೆ ಅದರ ಅರ್ಧವೂ ಇಲ್ಲ. ಗುಂಡುಗಳು ಮಾತ್ರ ಅಂಥ ಭೇದ ಮಾಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಹೊರಗಿನವರೆಲ್ಲ ಹೋಗಿ ಕ್ಯಾಪ್ಟನ್ನನ ಡೇರೆಯ ಮುಂದೆ ಬಂದೂಕು ರಾಶಿ ಹಾಕಿದರು. ಸರಿಸಮ ಸಂಬಳ ಕೊಡುವತನಕ ಕಾವಲಿಗೆ ನಿಲ್ಲುವುದಿಲ್ಲ ಎಂದರು. ಬಂದೂಕು ಇಟ್ಟವರು ಎಲ್ಲರೂ, ಮುಂದಾಳೆಂದು ಹಿಡಿದದ್ದು ಒಬ್ಬನನ್ನು. ಯುದ್ಧಕಾಲದ ದಂಗೆಗೆ ಅಲ್ಲಿ ಇರುವುದು ಒಂದೇ ಶಿಕ್ಷೆ.

“ಮೊದಲು ಬಂದೂಕು ಇಟ್ಟವರು ಯಾರು?” ಜ್ಯೋತಿಲಕ್ಷ್ಮಿ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದಳು.

“ನಾನೇ.”

“ಯೋಚ್ನೆ ಮಾಡಿ ಹೇಳಿ,” ಎಂದುಬಿಟ್ಟಳು.

“ದುಭಾಷಿ, ಅವನೊಂದಿಗೆ ನಿಮ್ಮ ಮಾತು ಬೇಡ,” ಹಿರಿಯ ಅಧಿಕಾರಿ ಗದರಿದ. “ಇನ್ನೊಮ್ಮೆ ಹೀಗಾದರೆ ಕರೆ ಕಡಿದು, ನೀವಿಲ್ಲದೆಯೇ ಮುಗಿಸುತ್ತೇವೆ.”

“ಇದ್ದದ್ನ ಇದ್ದಂಗೇ ಹೇಳ್ಬುಡಿ ಕಣಮ್ಮ,” ಎಂದ ರಂಗೇಶ, ಮೆಲ್ಲಗೆ. “ಬೇರೇರ ತಲೆ ಮ್ಯಾಲೆ ಹಾಕಿ ನಾನು ಬದುಕಾಕಾಗಲ್ಲ.”

ಒಂದೇ ಒಂದು ಮಾತು ತಿರುಚಿದರೆ? ಧ್ವನಿಮುದ್ರಣವನ್ನು ಮತ್ತೊಬ್ಬ ದುಭಾಷಿ ಕೇಳುತ್ತಾನೆ; ಆಗ ರಂಗೇಶನ ನಿಜವೂ ಸುಳ್ಳಿನ ಲೆಕ್ಕಕ್ಕೆ ಹೋಗುತ್ತದೆ. ಜ್ಯೋತಿಲಕ್ಷ್ಮಿಗೆ ಕೈಕಾಲು ಕಟ್ಟಿಹಾಕಿದಂತಾಯಿತು. ಮಾತಿನಿಂದಲೇ ಅನ್ನ ತಿನ್ನುವವಳಿಗೆ ಅವತ್ತು ತನ್ನದೆಂಬ ಒಂದು ಮಾತೂ ಇರಲಿಲ್ಲ. ದುಭಾಷಿ ಯಾವಾಗಲೂ ‘ನಾನು’ ಎಂದೇ ಹೇಳಬೇಕು, ‘ಅವನು’ ಎನ್ನುವಂತಿಲ್ಲ.

“ಮೊದಲು ಇಟ್ಟವನು ನಾನೇ,” ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮೂರು ಪೆನ್ನುಗಳು ಅದನ್ನು ಬರೆದುಕೊಂಡವು.

“ಕೊನೆಯದಾಗಿ ಏನಾದರೂ ಹೇಳುವುದಿದೆಯೇ?”

ರಂಗೇಶ ಅಧಿಕಾರಿಗಳನ್ನು ನೋಡಲಿಲ್ಲ. ಅವಳ ಧ್ವನಿ ಬರುತ್ತಿದ್ದ ಸ್ಪೀಕರನ್ನು ನೋಡಿದ.

“ಮನೇಲಿ ಹೆಂಡ್ತಿ ಅವ್ಳೆ. ಈ ವರ್ಸ ಬಂದ್ಬುಡ್ತೀನಿ ಅಂದಿದ್ದೆ, ಸುಳ್ಳಾಯ್ತು. ಅವ್ಳ ದನಿ ಕೇಳ್ದೆ ಸಾಯ್ಬಾರ್ದು ಅಂತಿತ್ತು, ಅಷ್ಟೇಯ. ನಮ್ಮವ್ವಂಗೆ ಈಗ್ಲೇ ಏನೂ ಗೊತ್ತಾಗ್ಬಾರ್ದು. ತಡ್ಕಳಲ್ಲ ಅವ್ವ.”

‘ನನಗೆ ಹೆಂಡತಿ ಇದ್ದಾಳೆ’ ಎಂದು ಶುರುಮಾಡಿ ಅಷ್ಟನ್ನೂ ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಧ್ವನಿ ಒಂದು ಕಡೆಯೂ ಒಡೆಯಲಿಲ್ಲ. ಕಣ್ಣೀರು ಮಾತ್ರ ನಿಯಮ ಕೇಳಲಿಲ್ಲ.

“ಅಳಬ್ಯಾಡ ಕಣವ್ವಾ,” ಎಂದರು ಅಶ್ವತ್ಥಮ್ಮ. “ಯಾರೋ ಏನೋ, ನಮ್ಕೈಲೇನೈತೆ?”

ಅಧಿಕಾರಿಗಳು ಎದ್ದುಹೋಗಿ, ಕಾಫಿ ಆರುವಷ್ಟರಲ್ಲಿ ಮರಳಿ ಬಂದರು. ತೀರ್ಪು ಓದಿದರು. ಅವಳು ಬಾಯಿ ತೆರೆಯುವ ಮೊದಲೇ ರಂಗೇಶ ಕಣ್ಣು ಮುಚ್ಚಿಕೊಂಡ.

“ಆರೋಪಿಯ ಪೂರ್ತಿ ಹೆಸರು ಹೇಳಿ, ಅವನ ಭಾಷೆಯಲ್ಲಿ ತೀರ್ಪು ಓದಿ.”

“ಆರೋಪಿ ಎಂದರೆ ಸಾಲದೇ?”

“ಸಾಲದು.”

ಜ್ಯೋತಿಲಕ್ಷ್ಮಿ ಅಡುಗೆಮನೆಯ ಬಾಗಿಲ ಕಡೆ ತಿರುಗಿದಳು. “ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಒಳಗೆ ಹೋಗಿ.”

“ನಾನೇನ್ ಮಾಡ್ದೆ? ಸದ್ದೇ ಮಾಡ್ಲಿಲ್ವಲ್ಲ,” ಎಂದರು ಅಶ್ವತ್ಥಮ್ಮ.

“ದುಭಾಷಿ?”

“ಗಂಗಹನುಮಯ್ಯನ ಮಗ ರಂಗೇಶ,” ಎಂದಳು ಅವಳು ಕನ್ನಡದಲ್ಲಿ. “ನಿಮ್ಮನ್ನು ಗುಂಡಿಕ್ಕಿ ಕೊಲ್ಲಬೇಕೆಂದು ತೀರ್ಪಾಗಿದೆ.”

ಸೊಸೆಯ ಬಾಯಲ್ಲಿ ತನ್ನ ಮಗನ ಹೆಸರನ್ನು ಅಶ್ವತ್ಥಮ್ಮ ಕೇಳಿದ್ದು ಅದೇ ಮೊದಲು.