ಮಹಾಪ್ರಾಣ

ನಲವತ್ತು ವರ್ಷ ಊರಿಗೆಲ್ಲ ಅಕ್ಷರ ಕಲಿಸಿದ ಮೇಷ್ಟ್ರು ಅವರು. ಮದುವೆಯದಾಗಲಿ, ಮಾರಿಹಬ್ಬದ್ದಾಗಲಿ, ಊರಿನ ಯಾವ ಫ್ಲೆಕ್ಸೂ ಅವರ ಕೆಂಪು ಪೆನ್ನು ದಾಟದೆ ಪ್ರೆಸ್ಸಿಗೆ ಹೋಗುತ್ತಿರಲಿಲ್ಲ. ಈಗ ಕಣ್ಣು ಪೂರ್ತಿ ಹೋಗಿದೆ, ಹಾಸಿಗೆಯಿಂದ ಏಳುವುದಕ್ಕೂ ಆಗುವುದಿಲ್ಲ. ಆದರೂ ಮೊಮ್ಮಗಳು ಒಂದು ಹಾಳೆ ಹಿಡಿದು ಮಂಚದ ಪಕ್ಕ ಕೂತಳು.

“ತಾತ, ಫ್ಲೆಕ್ಸಿಗೆ ಬರ್ದಿದಾರೆ. ಓದ್ತೀನಿ, ತಪ್ಪಿದ್ರೆ ಹೇಳಿ. ‘ನಮ್ಮನ್ನು ಹಗಲಿದ ಹಿರಿಯ ಜೀವ...’”

ಮೇಷ್ಟ್ರ ಮುಖ ಅರಳಿತು. “ಹಗಲೂ ಅಲ್ಲ, ರಾತ್ರಿಯೂ ಅಲ್ಲ ಕಣಮ್ಮ. ಅಗಲಿದ. ಹ ಹೊಡೆದು ಅ ಹಾಕು.”

“‘ಎಲ್ಲರ ಪ್ರೀತಿಯ ತಾತನಿಗೆ ಭಾವಪೂರ್ಣ ಶ್ರದ್ದಾಂಜಲಿ.’”

“ದ ಅಕ್ಷರಕ್ಕೆ ಯಾವ ಒತ್ತು ಕೊಟ್ಟಿದಾರೆ?”

“ದ ಒತ್ತೇ ಕೊಟ್ಟಿದಾರೆ.”

“ಧ ಒತ್ತು ಬರಬೇಕು. ಸತ್ತೋನಿಗಂತೂ ಪ್ರಾಣ ಇಲ್ಲ, ಅಕ್ಷರಕ್ಕಾದ್ರೂ ಮಹಾಪ್ರಾಣ ಇರ್ಲಿ!”

ತಮ್ಮ ಮಾತಿಗೆ ತಾವೇ ನಕ್ಕರು, ನಕ್ಕು ಕೆಮ್ಮಿದರು. ಅವಳೂ ನಗುತ್ತಲೇ ತಿದ್ದಿಕೊಂಡು, ಬರೆದಿದ್ದನ್ನು ಇನ್ನೊಮ್ಮೆ ಓದಿ ಹೇಳಿದಳು.

“ಈಗ ಸರಿಯಾಯ್ತು. ಹೆಸರು ಓದ್ಲೇ ಇಲ್ವಲ್ಲ? ಹೆಸರಲ್ಲೇ ಅವರು ಜಾಸ್ತಿ ತಪ್ಪು ಮಾಡೋದು.”

“ಹೆಸರು ಸರಿಯಾಗಿದೆ ತಾತ. ನಾನೇ ಬರ್ದಿದ್ದು.”

“ಯಾರಮ್ಮಾ ಹೋಗಿದ್ದು? ನಂಗ್ಯಾರೂ ಹೇಳ್ಲೇ ಇಲ್ಲ.”

ಅವಳು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು.

“ಇನ್ನೂ ಯಾರೂ ಹೋಗಿಲ್ಲ ತಾತ. ನೀವು ಹೋದ್ಮೇಲೆ ಇದನ್ನ ತಿದ್ದೋರು ಯಾರಿದಾರೆ?”