ಹಗಲುನಿದ್ದೆಯ ಕಾಯಿಲೆ

"ಕಾರು ಓಡಿಸ್ತಾ ಓಡಿಸ್ತಾನೇ ನನ್ನ ಮಗನಿಗೆ ನಿದ್ದೆ ಬಂದುಬಿಡುತ್ತೆ. ಅದೊಂದು ಕಾಯಿಲೆ. ಅಷ್ಟು ಬರೆದುಕೊಡಮ್ಮ, ಕೋರ್ಟಿಗೆ ಬೇಕು," ಎಂದ ಅಪ್ಪ, ಆಸ್ಪತ್ರೆಯ ನಿದ್ರಾ ಪರೀಕ್ಷೆಯ ಕೋಣೆಗೆ ಹೇಳದೆ ಕೇಳದೆ ನುಗ್ಗಿ.

ಆ ಕಾರಿನಡಿ ಸಿಕ್ಕಿ ಹೂ ಮಾರುವ ಹೆಂಗಸೊಬ್ಬಳ ಎಡಗಾಲು ಹೋಗಿದ್ದು ಊರಿಗೆಲ್ಲ ಗೊತ್ತಿತ್ತು. ಟೆಕ್ನಿಷಿಯನ್‌ಗೂ ಗೊತ್ತಿತ್ತು.

"ನಾನೇನೂ ಬರೆಯಲ್ಲ ಸರ್. ಮಿಷನ್ನೇ ಬರೆಯುತ್ತೆ," ಎನ್ನುತ್ತ ಅವಳು ಮಗನ ತಲೆಗೂ ಕಾಲಿಗೂ ವೈರು ಅಂಟಿಸಿದಳು.

"ಮೆಲ್ಲಗೆ! ಕೂದಲು ಕಿತ್ತು ಬರ್ತಿದೆ, ಕಣ್ಣು ಕಾಣಲ್ವಾ?" ಎಂದು ಮಗ ರೇಗಿದ.

ಅವಳು ಪಕ್ಕದ ಕೋಣೆಗೆ ಹೋಗಿ, ಮಗ ಮಲಗಿದ್ದು ಕಾಣುವ ಟೀವಿಯ ಮುಂದೆ ಕೂತಳು. ಅಪ್ಪನೂ ಬೆನ್ನಿಗೇ ಬಂದು ನಿಂತ. ವೈರುಗಳು ಸರಿಯಾಗಿ ಕೂತಿವೆಯೇ ಎಂದು ನೋಡಲು, ದಿನವೂ ಎಲ್ಲರಿಗೂ ಹೇಳುವುದನ್ನೇ ಅವಳು ಮೈಕಿನಲ್ಲಿ ಹೇಳಿದಳು: "ಕಣ್ಣು ಮುಚ್ಚಿ. ತೆರೆಯಿರಿ. ಬಲಗಾಲು ಅಲ್ಲಾಡಿಸಿ."

ಮಗ ಹೇಳಿದಂತೆ ಮಾಡಿದ. ದೀಪ ಆರಿಸಿದ್ದೇ ತಡ, ಗೊರಕೆ ಶುರುವಾಯಿತು.

"ಕೇಳಿಸ್ತಾ?" ಅಪ್ಪ ಅವಳ ಕುರ್ಚಿಯ ಮೇಲೆ ಕೈಯೂರಿದ. "ಈಗ ಬರಿ. ಇಲ್ಲದಿದ್ರೆ ನಾಳೆ ಈ ಕುರ್ಚೀಲಿ ಬೇರೆ ಯಾರಾದ್ರೂ ಕೂತಿರ್ತಾರೆ."

"ಒಳ್ಳೇ ನಿದ್ದೆ ಅಲ್ವಾ ಸರ್?"

"ತಲೆ ಮೇಲೆ ಕಲ್ಲು ಎತ್ತಿಹಾಕಿದ್ರೂ ಏಳಲ್ಲ."

ಅವಳು ಮೈಕಿನ ಗುಂಡಿ ಒತ್ತಿ, ಮೊದಲಿನದೇ ಸಪ್ಪೆ ದನಿಯಲ್ಲಿ ಹೇಳಿದಳು: "ಈಗ ಎಡಗಾಲು."

ಗೊರಕೆ ನಿಲ್ಲಲಿಲ್ಲ. ಎಡಗಾಲು ಅಲ್ಲಾಡಿತು.