ಮುಂದಿನ ವರ್ಷದ ಕಾಣಿಕೆ

ಲಕೋಟೆಯ ಒದ್ದೆ ಅಂಟಿನ ವಾಸನೆ ಬಂದರೆ ಇವತ್ತಿಗೂ ನನಗೆ ಸಿಂಗಪುರದ ಹೌಗಾಂಗ್‌ನ ನಮ್ಮ ಫ್ಲ್ಯಾಟು, ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಮುಂದಿನ ವರ್ಷ ಚರ್ಚಿಗೆ ತಿಂಗಳಿಗೆಷ್ಟು ಕಾಣಿಕೆ ಕೊಡುತ್ತೇವೆಂದು ಬರೆದುಕೊಡುವ ಕಾರ್ಡು ಮೇಜಿನ ಮೇಲಿತ್ತು. ಅಪ್ಪನ ಕೆಲಸ ಹೋಗಿತ್ತು. ಬೇರೆ ಸಿಗದಿದ್ದರೆ ಮೈಸೂರಿಗೆ ವಾಪಸ್ಸು. ಅಮ್ಮ ಆಗಲೇ ಪಾತ್ರೆಗಳನ್ನು ರಟ್ಟಿನ ಡಬ್ಬಕ್ಕೆ ತುಂಬಿ ಟೇಪ್ ಹಚ್ಚಿದ್ದಳು.

"ಇಲ್ಲಿರೋಕೆ ಕೊಟ್ಟ ಪಾಸೇ ಕ್ಯಾನ್ಸಲ್ ಆಗ್ತಿದೆ. ಇಡೀ ವರ್ಷಕ್ಕೆ ಹೇಗ್ರೀ ಪ್ರಾಮಿಸ್ ಮಾಡ್ತೀರಾ? ಖಾಲಿ ಬಿಡಿ," ಎಂದಳು.

"ಖಾಲಿ ಬಿಟ್ರೆ, ಹೊರಟೇಬಿಟ್ವಿ ಅಂತ ನಾವೇ ದೇವರಿಗೆ ಹೇಳ್ದಂಗಾಗುತ್ತೆ," ಎನ್ನುತ್ತ ಅಪ್ಪ ಹೋದ ವರ್ಷದಷ್ಟನ್ನೇ ಬರೆದು, ಕಾರ್ಡನ್ನು ಲಕೋಟೆಗೆ ಹಾಕಿ ಅಮ್ಮನ ಮುಂದಿಟ್ಟರು.

ಅಮ್ಮ ಲಕೋಟೆಯ ಅಂಚನ್ನು ನಾಲಿಗೆಗೆ ತಾಗಿಸಿ ಅಂಟಿಸಿದಳು. ಚಾಕು ತಂದು ಡಬ್ಬದ ಟೇಪ್ ಕೊಯ್ದು, ಇಡ್ಲಿ ಪಾತ್ರೆಯನ್ನು ಹೊರಗೆ ತೆಗೆದಳು.